ದಲ್ಲಾಳಿ ಮಗಳ ಅರ್ಥಶಾಸ್ತ್ರ

ಮನೆಯಲ್ಲಿ ದನದ ದಲ್ಲಾಳಿ ಇದ್ದು, ಅದೇ ಮನೆಯ ಮಗಳು ಅರ್ಥಶಾಸ್ತ್ರ ಓದಲು ಹೊರಟರೆ ನಗುವಿಗೆ ಬರವೇ ಇಲ್ಲ. ನಮ್ಮಪ್ಪ ಮೂವತ್ತು ವರ್ಷದಿಂದ ಗುಬ್ಬಿ, ಕುಣಿಗಲ್ ಕಡೆಯ ಸಂತೆಗಳಲ್ಲಿ ಎತ್ತು, ಹಸು ಕೊಡಿಸುವವರು. ನಾನು ಹೆಬ್ಬೂರಿನಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ತುಮಕೂರಿಗೆ ಹೋಗಿ ಬಿ.ಎ. ಓದಿದವಳು.

ಕಾಲೇಜಿಗೆ ಸೇರಿದ ದಿನವೇ ಅಪ್ಪ ಒಂದು ಕರಾರು ಹಾಕಿದರು. "ಮೂರ್ ವರ್ಷ ಓದು. ಅಷ್ಟ್ರಲ್ಲಿ ವ್ಯಾಪಾರದಲ್ಲಿ ನಂಗೆ ಗೊತ್ತಿಲ್ದಿರೋ ಒಂದೇ ಒಂದು ವಿಷ್ಯ ಹೇಳ್ಬುಡು, ಎಂ.ಎ.ಗೂ ಕಳಿಸ್ತೀನಿ. ಇಲ್ದಿದ್ರೆ ಡಿಗ್ರಿಗೇ ನಿಲ್ಸು."

ಇದೇನು ಮಹಾ ಅಂದುಕೊಂಡೆ. ಪುಸ್ತಕ ನಾನೂರು ಪುಟ ಇತ್ತು, ಅಪ್ಪ ಓದಿದ್ದು ಏಳನೇ ಕ್ಲಾಸು.

೧. ಬೆಲೆ ಇಳಿದರೆ ಏನಾಗುತ್ತದೆ?

ಮೊದಲ ವಾರವೇ ಬೇಡಿಕೆಯ ನಿಯಮ ಪಾಠವಾಯಿತು. ಸಂಜೆ ಅಪ್ಪ ಮುದ್ದೆ ಮುರಿಯುತ್ತಿದ್ದಾಗ ಎದುರಿಗೆ ಕೂತು ಗಂಭೀರವಾಗಿ ಹೇಳಿದೆ, "ಅಪ್ಪ, ಬೆಲೆ ಇಳಿದ್ರೆ ಕೊಳ್ಳೋರು ಜಾಸ್ತಿ ಆಗ್ತಾರೆ."

"ಯಾವನು ಹೇಳಿದ್ದು? ಚೆನ್ನಾಗಿರೋ ಜೊತೆ ಎತ್ತಿಗೆ ಅರ್ಧ ರೇಟು ಹೇಳಿ ನೋಡು. ಒಬ್ನೂ ಹತ್ರ ಬರಲ್ಲ. ಇದಕ್ಕೆ ಒಳಗೇನೋ ರೋಗ ಐತೆ ಅಂತ ದೂರ ಹೋಯ್ತಾರೆ."

ಮರುದಿನ ಇದನ್ನು ನಮ್ಮ ಅರ್ಥಶಾಸ್ತ್ರದ ಮೇಷ್ಟ್ರಿಗೆ ಹೇಳಿದೆ. ಅಪ್ಪನ ತಪ್ಪನ್ನು ಅವರು ತೋರಿಸಿಕೊಡಲಿ ಎಂಬ ಆಸೆ ನನ್ನದು. ಆದರೆ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. "ಅಮ್ಮಾ, ಮಾರೋನಿಗೆ ಗೊತ್ತಿರೋದು ಕೊಳ್ಳೋನಿಗೆ ಗೊತ್ತಿಲ್ಲದಿದ್ರೆ ಮಾರುಕಟ್ಟೆ ಹೇಗೆ ಕೆಡುತ್ತೆ ಅಂತ ಬರೆದಿದ್ದಕ್ಕೇ ಒಬ್ಬರಿಗೆ ನೊಬೆಲ್ ಬಂದಿದೆ. ನಿಮ್ಮಪ್ಪ ಊಟ ಮಾಡ್ತಾ ಹೇಳಿಬಿಟ್ರಾ?"

ನನಗೆ ಸೋತ ಬೇಜಾರಿಗಿಂತ ಹೆಮ್ಮೆಯೇ ಹೆಚ್ಚಾಯಿತು. ಓಡೋಡಿ ಮನೆಗೆ ಬಂದು, "ಅಪ್ಪ, ನೀನ್ ಹೇಳಿದ್ದಕ್ಕೇ ಅಮೆರಿಕದವರೊಬ್ಬರಿಗೆ ನೊಬೆಲ್ ಕೊಟ್ಟಿದಾರಂತೆ" ಅಂದೆ.

ಅಪ್ಪ ಟವಲಿನಿಂದ ಮುಖ ಒರೆಸಿಕೊಂಡು ಕೇಳಿದರು, "ಆವಯ್ಯ ಯಾವ ಸಂತೆಗೆ ಬರ್ತಿದ್ದ?"

೨. ಹಲಸಿನ ತೊಳೆ

ನನ್ನ ಪಕ್ಕ ಕೂರುತ್ತಿದ್ದವಳು ಗುಬ್ಬಿ ಕಡೆಯ ಗೆಳತಿ. ಅವರ ತೋಟದಲ್ಲಿ ಹಲಸಿನ ಮರಗಳು ಹೇರಳ. ಅವಕಾಶ ವೆಚ್ಚದ ಪಾಠ ನಡೆದಿತ್ತು. ಒಂದನ್ನು ಆರಿಸಿಕೊಂಡಾಗ ಇನ್ನೊಂದನ್ನು ಬಿಡಬೇಕಾಗುತ್ತದಲ್ಲ, ಆ ಬಿಟ್ಟದ್ದೇ ವೆಚ್ಚ. "ಒಂದು ಉದಾಹರಣೆ ಕೊಡಿ" ಅಂದರು ಮೇಷ್ಟ್ರು.

ಇವಳು ಎದ್ದು ನಿಂತಳು. "ಇವತ್ತು ನಿಮ್ಮ ಕ್ಲಾಸಿಗೆ ಬಂದಿದ್ದು ಸಾರ್."

"ಅದ್ರಿಂದ ಏನಮ್ಮ ಕಳ್ಕೊಂಡೆ?"

"ಮನೇಲಿ ಹಲಸಿನಹಣ್ಣು ಕುಯ್ತಾ ಇದ್ರು ಸಾರ್. ಕೆಂಪು ತೊಳೆ ಹಣ್ಣು. ನಾನು ಹೋಗೋಷ್ಟ್ರಲ್ಲಿ ಬೀಜ ಇದ್ರೆ ಹೆಚ್ಚು."

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. "ಈ ನಷ್ಟ ನನಗೂ ಆಗಿದೆ. ನಾಳೆ ಒಂದು ಡಬ್ಬಿ ತಗೊಂಡು ಬಾ, ಇಬ್ಬರೂ ತುಂಬಿಕೊಳ್ಳೋಣ."

ಮರುದಿನ ಡಬ್ಬಿ ಬಂತು. ಇಡೀ ಕ್ಲಾಸು ತಿಂದಿತು, ಆ ಪಾಠವನ್ನು ಒಬ್ಬರೂ ಮರೆಯಲಿಲ್ಲ. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಾಗ ಎಲ್ಲರೂ ಹಲಸಿನಹಣ್ಣನ್ನೇ ಬರೆದೆವು. ಕೆಲವರು ಚಿತ್ರ ಕೂಡ ಬಿಡಿಸಿದ್ದರು. ಪೇಪರ್ ತಿದ್ದಿದವರು ನಮ್ಮ ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದರಂತೆ, "ಸಾರ್, ನಿಮ್ಮ ಕಾಲೇಜಲ್ಲಿ ಅರ್ಥಶಾಸ್ತ್ರನ ತೋಟಗಾರಿಕೆ ಇಲಾಖೆಯವರು ಹೇಳ್ಕೊಡ್ತಾರಾ?"

೩. ಸರ್ವೆಗೆ ಹೋಗಿ ಸರ್ವೆಯಾದದ್ದು

ಹೀಗೆ ಎರಡೂವರೆ ವರ್ಷ ಕಳೆಯಿತು. ನಾನು ಏನು ಹೇಳಿದರೂ ಅಪ್ಪನದು ಒಂದೇ ಉತ್ತರ, "ಅದಾ? ಗೊತ್ತು." ಏಕಸ್ವಾಮ್ಯ ಅಂದೆ. "ಸಂತೇಲಿ ಹುಲ್ಲು ಮಾರೋನು ಒಬ್ನೇ ಇದ್ರೆ ಆಡಿದ್ದೇ ಆಟ, ಅದೇ ತಾನೆ?" ಅಂದರು. ಎಂ.ಎ. ಕೈತಪ್ಪುತ್ತಿದೆ ಅನ್ನಿಸಿ ನಿಜಕ್ಕೂ ಭಯವಾಗತೊಡಗಿತು. ಅಪ್ಪ ಕೊಟ್ಟ ಮಾತಿಗೆ ತಪ್ಪುವವರಲ್ಲ, ಕೊಡದ ಮಾತಿಗೆ ಬಗ್ಗುವವರೂ ಅಲ್ಲ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಹಟದಿಂದ ದನದ ಸಂತೆಯನ್ನೇ ಆರಿಸಿಕೊಂಡೆ. ಪ್ರಶ್ನೆಗಳ ಫಾರಂ ಹಿಡಿದು, ಗುಬ್ಬಿಯ ಗೆಳತಿಯನ್ನು ಕರೆದುಕೊಂಡು ಕುಣಿಗಲ್ ಕಡೆಯ ಸಂತೆಗೆ ಹೋದೆ. ಅಲ್ಲಿನ ವ್ಯಾಪಾರದಲ್ಲಿ ಯಾರೂ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಕೈ ಮೇಲೆ ಟವಲ್ ಹೊದಿಸುತ್ತಾನೆ, ಎದುರಿನವನು ಅದರೊಳಗೆ ಕೈ ಹಾಕುತ್ತಾನೆ. ಎಷ್ಟು ಬೆರಳು ಹಿಡಿದರೆ ಅಷ್ಟು. ನೋಡುವವರಿಗೆ ಟವಲ್ ಅಲ್ಲಾಡುವುದು ಮಾತ್ರ ಕಾಣುತ್ತದೆ.

ಆಗಷ್ಟೇ ಎತ್ತು ಮಾರಿದ್ದ ಒಬ್ಬ ಅಜ್ಜನನ್ನು ಹಿಡಿದೆವು. "ತಾತ, ಎಷ್ಟಕ್ಕೆ ಮಾರಿದ್ರಿ?"

"ನೀನ್ ಯಾವೂರವ್ವ?"

"ಹೆಬ್ಬೂರು. ಎಷ್ಟಕ್ಕೆ ಮಾರಿದ್ರಿ ತಾತ?"

"ಈ ಮಗೀದು ಯಾವೂರು? ಮನೇಲಿ ಎಷ್ಟ್ ಜನ? ಎಷ್ಟ್ ಹಸು ಕಟ್ಟಿದೀರಾ? ಹಾಲು ಡೇರಿಗೆ ಹಾಕ್ತೀರಾ?"

ಕಾಲು ಗಂಟೆ ಹೀಗೇ ನಡೆಯಿತು. ಆ ಕಡೆ ಮರದ ಕೆಳಗೆ ನಿಂತಿದ್ದ ಅಪ್ಪ ನನ್ನನ್ನು ಕಂಡೇ ಇಲ್ಲವೆಂಬಂತೆ ಬೀಡಿ ಸೇದುತ್ತಿದ್ದರು. ಅಜ್ಜ ಹೊರಟಾಗ ನಮ್ಮ ಫಾರಂ ಖಾಲಿ ಇತ್ತು. ಅಜ್ಜನಿಗೆ ಮಾತ್ರ ಎರಡು ಕುಟುಂಬದ ಪೂರ್ತಿ ಮಾಹಿತಿ ಸಿಕ್ಕಿತ್ತು.

೪. ಸಂಪನ್ಮೂಲ ವ್ಯಕ್ತಿ

ಖಾಲಿ ಫಾರಂ ನೋಡಿದ ಮೇಷ್ಟ್ರು ಬಯ್ಯಲಿಲ್ಲ. "ಯಾರೂ ಯಾಕೆ ಹೇಳಲ್ಲ ಅನ್ನೋದನ್ನೇ ಬರಿ. ವಿಭಾಗದ ಸೆಮಿನಾರಿಗೆ ನಿಮ್ಮಪ್ಪನ್ನ ಕರ್ಕೊಂಡು ಬಾ" ಅಂದರು. ಅಪ್ಪನ ಕರಾರಿನ ವಿಷಯ ಅವರಿಗೆ ಗೊತ್ತಿತ್ತು.

ಅಪ್ಪ ಇಸ್ತ್ರಿ ಮಾಡಿದ ಬಿಳಿ ಪಂಚೆ, ಹೊಸ ಟವಲ್ ಹಾಕಿಕೊಂಡು ಬಸ್ಸು ಹತ್ತಿದರು. "ಎಷ್ಟೊತ್ತು ಮಾತಾಡ್ಬೇಕು?"

"ಮುಕ್ಕಾಲು ಗಂಟೆ."

"ಅಷ್ಟೊತ್ತಲ್ಲಿ ಮೂರು ಜೊತೆ ಮಾರ್ತೀನಲ್ಲವ್ವ!"

ಮೇಷ್ಟ್ರು ಮೈಕಿನಲ್ಲಿ, "ಇವತ್ತಿನ ಸಂಪನ್ಮೂಲ ವ್ಯಕ್ತಿಗಳು ವೇದಿಕೆಗೆ ಬರಬೇಕು" ಅಂದಾಗ ಅಪ್ಪ ಅದು ಯಾರಪ್ಪ ಅಂತ ಹಿಂದೆ ತಿರುಗಿ ನೋಡಿದರು. ಆದರೆ ಮಾತು ಶುರುವಾದ ಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಎತ್ತಿನ ಹಲ್ಲು ನೋಡುವುದು, ಸುಳಿ ನೋಡುವುದು, ಕೊಳ್ಳಲು ಬಂದವನ ಚಪ್ಪಲಿ ನೋಡಿ ಅವನ ಅವಸರ ಅಳೆಯುವುದು, ಎಲ್ಲವನ್ನೂ ಹೇಳಿದರು. ಹುಡುಗರು ಬೆಂಚು ಬಡಿದು ನಕ್ಕರು. ಇವರು ನಮ್ಮಪ್ಪ ಅಂತ ಕೂಗಿ ಹೇಳಬೇಕೆನ್ನಿಸಿತು.

ಕೊನೆಗೆ ಒಬ್ಬ ಹುಡುಗ ಕೇಳಿದ, "ಟವಲ್ ಯಾಕೆ ಹಾಕ್ಬೇಕು ಸಾರ್? ಬಾಯಲ್ಲೇ ಹೇಳ್ಬೋದಲ್ಲ?"

ಅಪ್ಪ ತಡವರಿಸಿದರು. "ನಮ್ಮಪ್ಪ ಹಂಗೇ ಮಾಡ್ತಿದ್ರು. ನಾನೂ ಹಂಗೇ ಮಾಡ್ತೀನಿ."

ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ಬರೆದ ಪ್ರಾಜೆಕ್ಟು ಕೈಯಲ್ಲೇ ಇತ್ತು. "ಒಂದು ಜೊತೆಗೆ ಕೇಳಿದ ಬೆಲೆ ಎಲ್ಲರ ಕಿವಿಗೆ ಬಿದ್ದರೆ ಅದೇ ಬೆಲೆ ಆ ಎತ್ತಿಗೆ ಅಂಟಿಕೊಳ್ಳುತ್ತೆ. ಒಬ್ಬ ಕಡಿಮೆಗೆ ಕೇಳಿದ ಅಂತ ಗೊತ್ತಾದರೆ ಮುಂದಿನವನು ಅದಕ್ಕಿಂತ ಮೇಲೆ ಹತ್ತಲ್ಲ. ಟವಲ್ ಕೆಳಗೆ ಮುರಿದುಬಿದ್ದ ವ್ಯಾಪಾರ ಅಲ್ಲೇ ಸಾಯುತ್ತೆ. ರೈತ ಇನ್ನೊಬ್ಬನ ಹತ್ರ ತಲೆ ಎತ್ತಿಕೊಂಡು ಹೊಸದಾಗಿ ಶುರು ಮಾಡಬಹುದು. ಟವಲ್ ಕಾಪಾಡೋದು ರೈತನನ್ನ."

ಅಪ್ಪ ಹೆಗಲ ಮೇಲಿನ ಟವಲನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೂವತ್ತು ವರ್ಷ ಇದ್ರೊಳಗೆ ಕೈ ಹಾಕಿದೀನಿ ಮೇಷ್ಟ್ರೇ. ಯಾಕೆ ಅಂತ ಒಂದಿನಾನೂ ಯೋಚ್ನೆ ಮಾಡ್ಲಿಲ್ಲ. ಇದು ನಂಗೆ ಗೊತ್ತಿರ್ಲಿಲ್ಲ ಬುಡಿ."

ನನ್ನ ಕಣ್ಣು ತುಂಬಿ ಬಂತು. ಮೇಷ್ಟ್ರು ಬಿಡಲಿಲ್ಲ. "ಹಂಗಾದ್ರೆ ಎಂ.ಎ. ಮಾತು ಇಲ್ಲೇ ಮುಗಿಸೋಣ್ವಾ?"

"ಅದೆಲ್ಲ ಹತ್ತು ಜನದ ಮುಂದೆ ಬಾಯಲ್ಲಿ ಆಡೋ ಮಾತಲ್ಲ. ಕೈ ಕೊಡಿ" ಅಂದ ಅಪ್ಪ ಟವಲ್ ಹೊದಿಸಿದರು.

ಸಭೆಯೆಲ್ಲ ಎದ್ದು ನಿಂತಿತು. ಟವಲ್ ಅಲ್ಲಾಡಿತು. ಅಪ್ಪ ಬೇಡವೆಂಬಂತೆ ತಲೆ ಆಡಿಸಿದರು. ನನ್ನ ಜೀವ ಹಾರಿಹೋಯಿತು, ಮಾತು ಮುರಿಯಿತೇನೋ ಅಂತ. ಮತ್ತೆ ಟವಲ್ ಅಲ್ಲಾಡಿತು. ಮೇಷ್ಟ್ರ ಹುಬ್ಬು ಹಣೆಗೇರಿತು. ಅಪ್ಪ ಅವರ ಕೈ ಜೋರಾಗಿ ಕುಲುಕಿ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡರು.

ಮೇಷ್ಟ್ರು ಬೆರಳು ನೀವಿಕೊಳ್ಳುತ್ತಾ ನನ್ನ ಹತ್ತಿರ ಬಂದರು. "ಎಂ.ಎ.ಗೆ ಎರಡು ವರ್ಷ ಅಂತ ಎರಡು ಬೆರಳು ಹಿಡಿದೆ ಕಣಮ್ಮ. ನಿಮ್ಮಪ್ಪ ಒಪ್ಪದೆ ಐದೂ ಬೆರಳು ಹಿಡಿದು ಮುಗಿಸಿಬಿಟ್ರು. ಇನ್ನು ಪಿಎಚ್.ಡಿ.ನೂ ಮಾಡಿಯೇ ಹೋಗಬೇಕು ನೀನು."

ಬಸ್ಸಿನಲ್ಲಿ ವಾಪಸು ಬರುವಾಗ ಮೆಲ್ಲಗೆ ಕೇಳಿದೆ, "ಅಪ್ಪ, ಐದು ವರ್ಷ ಓದು ಅಂತ ಒಪ್ಕೊಂಡ್ಯಲ್ಲ, ಪಿಎಚ್.ಡಿ. ಅಂದ್ರೇನು ಗೊತ್ತಾ ನಿಂಗೆ?"

"ಅದೇನ್ ಹಾಳೋ ನಂಗೆ ಗೊತ್ತಿಲ್ಲ ಕಣವ್ವ" ಅಂದರು ಅಪ್ಪ. "ಆದ್ರೆ ಎದುರಿಗಿರೋನು ಎರಡು ಅಂದ ತಕ್ಷಣ ಹೂಂ ಅಂದ್ಬುಟ್ರೆ, ನಾಳೆ ಸಂತೇಲಿ ನಾನ್ ಮುಖ ಎತ್ಕೊಂಡು ಓಡಾಡದ್ ಬ್ಯಾಡ್ವಾ?"