ಒಳಗಿನ ನಂಬರ್ ಕೊಟ್ಟ ಯತ್ತಪ್ಪ

ಮೊಳಕಾಲ್ಮೂರಿನಲ್ಲಿ ಯಾರ ಮನೆಯ ವಿಳಾಸ ಬೇಕಾದರೂ ಕೇಳಿ, ಅಂಚೆ ಗುಮಾಸ್ತ ಯತ್ತಪ್ಪ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ೨೦೦೮ರಲ್ಲಿ ಮನೆಗೆ ಇಂಟರ್‌ನೆಟ್ ಬಂದ ಮೇಲಂತೂ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ!

"ಗಂಗೂ, ಇನ್ನು ನೀನು ಸೀರೆ ಹೊತ್ತುಕೊಂಡು ಚಳ್ಳಕೆರೆ ಬಸ್ ಹತ್ತೋದು ಬ್ಯಾಡ. ಫೋಟೋ ಎಲ್ಲಾ ನಮ್ಮ ಕಂಪ್ಯೂಟರ್‌ನಾಗೇ ಇಡ್ತೀನಿ. ಯಾಪಾರಿ ಲೋಹಿತ ಅಲ್ಲೇ ಕುಂತು ನೋಡ್ತಾನೆ."

"ನೋಡ್ರಿ, ನೆಟ್ಟಗೆ ಮಾಡ್ರಿ" ಎಂದಳು ಹೆಂಡತಿ ಗಂಗಲಕ್ಷ್ಮಿ. ಹುಣಸೆ ಹೂವಿನ ಅಂಚು ಅವಳೇ ಯೋಚಿಸಿ ನೇಯ್ದದ್ದು. ಒಂದು ಸೀರೆ ಮುಗಿದಿತ್ತು, ಇನ್ನೊಂದು ಮಗ್ಗದ ಮೇಲೆ ಅರ್ಧಕ್ಕೆ ಬಂದಿತ್ತು.

ಯತ್ತಪ್ಪ ಜೊತೆಗೆ ಬಂದಿದ್ದ ಪುಸ್ತಕ ನೋಡಿಕೊಂಡು, ಮನೆಗೆ ಇಂಟರ್‌ನೆಟ್ ತರುವ ರೂಟರ್ ಡಬ್ಬಿಯಲ್ಲಿ ಹೊರಗಿನವರು ಬರಲು ದಾರಿ ಬಿಟ್ಟ. ತನ್ನ ಕಂಪ್ಯೂಟರ್ ತೋರಿಸಿದ ನಂಬರನ್ನು ಚಳ್ಳಕೆರೆಯ ಸೀರೆ ವ್ಯಾಪಾರಿ ಲೋಹಿತನಿಗೆ ಫೋನಿನಲ್ಲಿ ಗಂಭೀರವಾಗಿ ಓದಿ ಹೇಳಿದ: "ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು, ಎರಡು!"

ಐದೇ ನಿಮಿಷಕ್ಕೆ ಉತ್ತರ ಬಂತು. "ನೋಡ್ದೆ ಅಣ್ಣಾ. ಎಲ್ಲಾ ಹಳೇ ಮಾಲು. ಇಂಥವು ನಮ್ಮ ಅಂಗಡ್ಯಾಗೇ ಬಿದ್ದಾವೆ."

ಯತ್ತಪ್ಪನ ಮುಖ ಸಪ್ಪೆಯಾಯಿತು. ಅವಮಾನವನ್ನು ಎಲ್ಲಾದರೂ ಇಳಿಸಬೇಕಲ್ಲ, ಹೆಂಡತಿಯ ತಲೆಯ ಮೇಲೆ ಇಳಿಸಿದ. "ನಾನು ಆವತ್ತೇ ಅಂದ್ಕಂಡೆ. ಅದೇನ್ ಹುಣಸೆ ಹೂವು! ಹೊಸದೇನೈತೆ ಅದರಾಗೆ?"

ಗಂಗಲಕ್ಷ್ಮಿ ಸರಕ್ಕನೆ ಎದ್ದಳು. ಕತ್ತರಿ ತಂದವಳೇ ಮಗ್ಗದ ಮೇಲಿದ್ದ ಅರ್ಧ ಸೀರೆಯನ್ನು ಎಳೆಸಮೇತ ಕತ್ತರಿಸಿಬಿಟ್ಟಳು.

ಮರುದಿನ ಲೋಹಿತ ನಗುತ್ತಲೇ ಫೋನ್ ಮಾಡಿದ. "ಅಣ್ಣಾ, ನಾನು ನೋಡಿದ್ದು ನಮ್ಮ ಗೋಡೌನ್ ಕಂಪ್ಯೂಟರ್! ಅದರದ್ದೂ ಅದೇ ನಂಬರ್ರು. ನೀವು ಕೊಟ್ಟಿದ್ದು ಮನೆ ಒಳಗಿನ ನಂಬರ್, ಅದು ಮನೆಮನೇಲೂ ಇರ್ತೈತೆ. ರೂಟರ್‌ಗೆ ಹೊರಗಡೆ ಬೇರೆ ನಂಬರ್ ಐತೆ. ಅದನ್ನ ತೋರಿಸೋ ವೆಬ್‌ಸೈಟ್ ಐತೆ, ತೆಗೀರಿ."

ಯತ್ತಪ್ಪ ತೆಗೆದ. ಕೇಳುವ ಮೊದಲೇ ಆ ಪುಟ ಅವನ ನಂಬರನ್ನು ಅವನಿಗೇ ಹೇಳಿತು. ಅದನ್ನು ಕೊಟ್ಟ ಮೇಲೆ ಲೋಹಿತ ಫೋನಿನಲ್ಲೇ ಕೂಗಿದ: "ಹುಣಸೆ ಹೂವಿಂದು ಭಾರಿ ಐತೆ! ನಾಲ್ಕು ಬೇಕು. ಅರ್ಜೆಂಟ್!"

ಯತ್ತಪ್ಪ ಮಗ್ಗದ ಹತ್ತಿರ ಓಡಿ ಸಂತೋಷದ ಸುದ್ದಿಯನ್ನೂ ನಂಬರಿನ ಎಡವಟ್ಟನ್ನೂ ಹೇಳಿದ. ಆದರೆ ಕತ್ತರಿಸಿದ ಎಳೆಗಳು ಮೂರು ಸಾವಿರದ ಮೇಲಿದ್ದವು, ಮತ್ತೆ ನೇಯಬೇಕಾದರೆ ಒಂದೊಂದಕ್ಕೂ ಗಂಟು ಹಾಕಬೇಕು. ಅವನೂ ಹೆಂಡತಿಯ ಪಕ್ಕ ಕುಳಿತ. ನೂರು ಗಂಟು ಹಾಕುವಷ್ಟರಲ್ಲಿ ಬೆನ್ನು ಬಿಲ್ಲಾಯಿತು.

"ತಪ್ಪಾತು ಕಣೇ. ಆ ಹಾಳು ನಂಬರಿಂದ..."

"ನಂಬರಿಗ್ಯಾಕೆ ಬೈತೀರಿ? ಲೋಹಿತಪ್ಪ ನನ್ನ ಸೀರೆ ನೋಡದೇ ಹಳೇದು ಅಂದ. ನೀವು ದಿನಾ ಮಗ್ಗದ ಪಕ್ಕದಾಗೇ ಕುಂತು ಉಣ್ತಿದ್ರಲ್ಲ, ನೀವೂ ನೋಡಿರ್ಲಿಲ್ವಾ?"

ಯತ್ತಪ್ಪನ ಕೈಯಲ್ಲಿದ್ದ ಎಳೆ ಪಟ್ಟನೆ ಹರಿಯಿತು.

"ಅದನ್ನೂ ಕಟ್ರಿ" ಎಂದಳು ಗಂಗಲಕ್ಷ್ಮಿ.