ಕಾಶಿ ಪುಸ್ತಕದ ಒಂಬತ್ತನೆಯ ಪುಟ

ಪುಸ್ತಕ ಕೊಡುವ ಕೆಲಸಕ್ಕೆ ಕೂತವನಿಗೆ, ಅದನ್ನು ಓದದವರ ಕಥೆಗಳೇ ಹೆಚ್ಚು ಸಿಗುತ್ತವೆ.

ಕೊಳ್ಳೇಗಾಲ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ಅಲ್ಲಿಯ ಒಂದು ಸಣ್ಣ ವಾಚನಾಲಯವನ್ನು ನಾನು ನೋಡಿಕೊಳ್ಳುತ್ತಿದ್ದೆ. ಇದ್ದದ್ದು ಒಂದೇ ಬೀರು, ಕೊಟ್ಟವರು ಒಬ್ಬ ರೇಷ್ಮೆ ಸಾಹುಕಾರರು. ಜೊತೆಗೆ ತಮ್ಮ ಕಾಶಿಯಾತ್ರೆಯ ಪುಸ್ತಕವನ್ನೂ ಅಚ್ಚು ಹಾಕಿಸಿ ಕೊಟ್ಟಿದ್ದರು.

"ದೀಪಾವಳಿ ಒಳ್ಗೆ ಒಬ್ನಾದ್ರೂ ಇದನ್ನ ಪೂರ್ತಿ ಓದಿರ್ಬೇಕು. ಇಲ್ದಿದ್ರೆ ಬೀರು ಅಂಗ್ಡಿಗೆ ತಕಂಡೋಯ್ತೀನಿ, ಸೀರೆ ಇಡಕ್ಕಾಯ್ತದೆ" ಎಂದಿದ್ದರು. ಬೀರು ಹೋದರೆ ವಾಚನಾಲಯ ಹೋಯಿತು, ನನ್ನ ಕೆಲಸವೂ ಹೋಯಿತು.

ನಮ್ಮಲ್ಲೊಂದು ಪದ್ಧತಿ ಇತ್ತು. ನೇಕಾರರ ಊರಲ್ಲವೆ, ಓದುವವರು ಗುರುತಿಗೆ ಒಂದೆಳೆ ರೇಷ್ಮೆ ನೂಲು ಇಡುತ್ತಿದ್ದರು. ಹಿಂದಿರುಗಿಸುವಾಗಲೂ ಅದನ್ನು ತೆಗೆಯುವಂತಿಲ್ಲ. ಮುಗಿಸಿದವನ ನೂಲು ಕಡೆಯ ಪುಟದಲ್ಲಿ, ಕೈಬಿಟ್ಟವನದು ಬಿಟ್ಟ ಪುಟದಲ್ಲಿ. ಮುಂದಿನವನು ಅದನ್ನು ನೋಡಿಯೇ ಪುಸ್ತಕ ಆರಿಸುತ್ತಿದ್ದ. ಕಾಶಿ ಪುಸ್ತಕ ಬರುವಾಗಲೇ ಅದರ ಒಂಬತ್ತನೆಯ ಪುಟದಲ್ಲಿ ಒಂದು ಜರಿ ಎಳೆ ಇತ್ತು. ಯಾರದೆಂದು ನಾನು ಕೇಳಲಿಲ್ಲ. ಒಂಬತ್ತನೆಯ ಪುಟಕ್ಕೆ ಬಂದರೂ ಸಾಹುಕಾರರು ಇನ್ನೂ ಮನೆಯಲ್ಲೇ ಕೂತು ಬುತ್ತಿ ಕಟ್ಟಿಸುತ್ತಿದ್ದರು. ನಾನೂ ಅಲ್ಲಿಗೇ ನಿಲ್ಲಿಸಿದ್ದೆ.

ಅಣ್ಣನ ನೂಲು

ಮೊದಲು ಒಬ್ಬ ನೇಕಾರನಿಗೆ ಕೊಟ್ಟೆ. ಒಂಬತ್ತನೆಯ ಪುಟದಲ್ಲಿ ಕೆಂಪು ನೂಲಿಟ್ಟು ತಂದುಕೊಟ್ಟ. ಆಮೇಲೆ ಅವನ ತಮ್ಮನಿಗೆ ಕೊಟ್ಟೆ. ಅವನು ಎಂಟನೆಯ ಪುಟದಲ್ಲೇ ಹಸಿರು ನೂಲಿಟ್ಟು ಬಂದ.

"ಯಾಕಪ್ಪ, ಬೇಜಾರಾಯ್ತಾ?"

"ಇಲ್ಲ ಸಾ, ಓದ್ಬೋದಿತ್ತು. ನಮ್ಮಣ್ಣ ಒಂಬತ್ರಲ್ಲಿ ನಿಂತವ್ನೆ. ಅವ್ನ ದಾಟ್ಕಂಡು ನಾನು ಮುಂದಕ್ಕೋದ್ರೆ ಚೆಂದಾಗಿರಕ್ಕಿಲ್ಲ. ನಮ್ಮಣ್ಣ ಮುಟ್ದೇ ಇರೋದು ಯಾವ್ದಾದ್ರೂ ಇದ್ರೆ ಕೊಡಿ."

ಹನೂರಿನ ಅವ್ವ

ಹನೂರಿನ ಒಬ್ಬ ರೈತರು ಮಧ್ಯಾಹ್ನ ಊಟವಾದ ಮೇಲೆ ತಮ್ಮ ತಾಯಿಗೆ ಪುಸ್ತಕ ಓದಿ ಹೇಳುತ್ತಿದ್ದರು. ಇವರಾದರೆ ಮುಗಿಸಿಯಾರು ಎಂದು ಕಾಶಿ ಪುಸ್ತಕ ಕೊಟ್ಟೆ. ಎರಡು ತಿಂಗಳು ಬಿಟ್ಟು ಬಂದರು. ನೂಲು ಮೂರನೆಯ ಪುಟದಲ್ಲಿತ್ತು.

"ಅವ್ವ ಮೂರ್ನೇ ಪುಟಕ್ಕೆ ನಿದ್ದೆ ಓಯ್ತಳೆ. ಮಾರ್ನೆ ದಿನ ಮೊದ್ಲಿಂದ ಓದು ಅಂತಳೆ."

"ಹಾಗಾದರೆ ಬೇರೆ ಕೊಡಲಾ?"

"ಬ್ಯಾಡ ಅಂತಳೆ ಸಾ. ಇನ್ನೆಲ್ಡು ತಿಂಗ್ಳಿಗೆ ಇದ್ನೇ ಬರ್ಕಳಿ. ಅವ್ಳಿಗೆ ಇಷ್ಟು ಚೆಂದಾಗಿ ನಿದ್ದೆ ಬಂದು ಐದೊರ್ಷ ಆಗಿತ್ತಂತೆ."

ಅವರ ಕೈಯಿಂದ ಪುಸ್ತಕ ಬಿಡಿಸಿಕೊಳ್ಳುವುದೇ ಸಾಹಸವಾಯಿತು.

ಎರಡು ಪುಸ್ತಕದ ಮೇಷ್ಟರು

ಯಳಂದೂರಿನಿಂದ ಒಬ್ಬ ಮೇಷ್ಟರು ಭಾನುವಾರ ಸೈಕಲ್ಲಿನಲ್ಲಿ ಬರುತ್ತಿದ್ದರು. "ಅಷ್ಟು ದೂರ ತುಳಿದು ತಗೊಂಡೋಗಿ, ಅದು ಓದಿಸ್ಕೊಳ್ದಿದ್ರೆ ವಾರವೆಲ್ಲ ಹಾಳು. ಎರಡು ಕೊಡಿ. ಒಂದು ಬಿಡೋಕೆ, ಒಂದು ಓದೋಕೆ" ಎನ್ನುತ್ತಿದ್ದರು. ಕಾಶಿ ಪುಸ್ತಕದ ಜೊತೆಗೆ ಒಳ್ಳೆಯದೊಂದು ಕಾದಂಬರಿ ಕೊಟ್ಟೆ. ಮುಂದಿನ ವಾರ ಎರಡನ್ನೂ ಅರ್ಧಕ್ಕೇ ಬಿಟ್ಟು ತಂದರು.

"ಎರಡನ್ನೂ ಯಾಕೆ ಬಿಟ್ಟಿರಿ?"

"ಬಿಡೋಕೆ ಯಾವುದು ಕೊಟ್ಟಿದ್ರಿ ಅನ್ನೋದು ಮರೆತೋಯ್ತು."

ಸಾಹುಕಾರರು ಬಂದರು

ದೀಪಾವಳಿಗೆ ಎರಡು ದಿನ ಉಳಿಯಿತು. ನಾನು ಬಾಗಿಲು ಮುಂದೆ ಮಾಡಿ, ಕಾಶಿ ಪುಸ್ತಕದಲ್ಲಿ ಅಲ್ಲಲ್ಲಿದ್ದ ನೂಲುಗಳನ್ನೆಲ್ಲ ತೆಗೆದು ಕಡೆಯ ಪುಟಕ್ಕೆ ಸಾಗಿಸಿದೆ. ಮಾಡುತ್ತಿರುವುದು ಮೋಸ ಎಂದು ಗೊತ್ತಿತ್ತು. ಕೆಲಸ ಹೋಗುವ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಸಾಹುಕಾರರು ಬಂದವರೇ ಕಡೆಯ ಪುಟ ತೆರೆದರು. ಕೆಂಪು, ಹಸಿರು, ನೀಲಿ ಎಂದು ಒಂದೊಂದೇ ಎಳೆ ನೋಡಿ ಮುಖ ಅರಳಿಸಿದರು. ಆಮೇಲೆ ಜರಿ ಎಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ತಿರುಗಿಸಿ ನೋಡಿದರು.

"ಇದು ನಂದು ಕಣ್ರಿ" ಎಂದರು. "ಪುಸ್ತಕ ಬರ್ದೋನು ನಮ್ಮ ಗುಮಾಸ್ತ. ನಾನು ಓದಕ್ಕೆ ಕೂತು ಒಂಬತ್ನೇ ಪುಟಕ್ಕೆ ಬುಟ್ಬುಟ್ಟಿದ್ದೆ. ಇದ್ಯಾವಾಗ ಕಾಶಿಗೋಗ್ಬುಟ್ಟು ಬಂತು?"

ಅವರು ಜರಿಯನ್ನು ತಾವೇ ಒಂಬತ್ತನೆಯ ಪುಟಕ್ಕೆ ಇಟ್ಟು, ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು.

"ಬೀರು ಇಲ್ಲೇ ಇರ್ಲಿ. ಇದನ್ನ ಮೇಲ್ಗಡೆ ಎತ್ತಿಡಿ. ನಂಗೂ ಓದೋ ಅಂಥದ್ದು ಒಂದು ಕೊಡಿ, ಕಡೇ ಪುಟದಲ್ಲಿ ನೂಲಿರ್ಬೇಕು" ಎಂದು ಬೀರುವಿನ ಕಡೆ ತಿರುಗಿ, ಮತ್ತೆ ನನ್ನನ್ನೊಮ್ಮೆ ನೋಡಿ, "ನೀವು ಕೈ ಹಾಕ್ದೇ ಇರೋ ನೂಲು" ಎಂದರು.