ಒಲೆಯ ಮೇಲಿನ ಹಳದಿ ಉರಿ

ಕಂಡಿದ್ದನ್ನೆಲ್ಲ ತಿದ್ದುವುದು ನನ್ನ ಹುಟ್ಟುಗುಣವಲ್ಲ, ಇಪ್ಪತ್ತೆಂಟು ವರ್ಷ ಕೆಮಿಸ್ಟ್ರಿ ಪಾಠ ಮಾಡಿ ಅಂಟಿಸಿಕೊಂಡ ರೋಗ. ಮದುವೆಯ ಕರೆಯೋಲೆ ಕೈಗೆ ಬಂದರೂ ಜೇಬಿನ ಕೆಂಪು ಪೆನ್ನು ಮುಟ್ಟಿ ನೋಡಿಕೊಳ್ಳುತ್ತೇನೆ. ಶಿವಮೊಗ್ಗದ ನಮ್ಮ ಮನೆಯಲ್ಲಿ ಎಲ್ಲರೂ ಇದಕ್ಕೆ ಒಗ್ಗಿಹೋಗಿದ್ದಾರೆ, ನನ್ನ ಮಾವನವರೊಬ್ಬರನ್ನು ಬಿಟ್ಟು.

ಮಾವ ಭದ್ರಾವತಿಯಲ್ಲಿ ಉಕ್ಕಿನ ಕೆಲಸ ಮಾಡಿದವರು. ಸಾಣೆಕಲ್ಲಿಗೆ ತುಂಡು ತಾಗಿಸಿ, ಹಾರುವ ಕಿಡಿ ನೋಡಿಯೇ ಅದು ಎಂಥ ಉಕ್ಕೆಂದು ಹೇಳುತ್ತಿದ್ದರಂತೆ. ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ನಾಲ್ಕು ದಿನ ಮೊದಲೇ ಬಂದಿದ್ದರು. ಬುಧವಾರ ಸಾರು ಉಕ್ಕಿ ಗ್ಯಾಸಿನ ನೀಲಿ ಉರಿ ಹಳದಿಯಾಯಿತು. "ಯಾಕಜ್ಜ?" ಎಂದಳು ನನ್ನ ಮಗಳು. "ಸಾರಲ್ಲಿರೋ ಉಪ್ಪು ಉರೀತು ಪುಟ್ಟಿ" ಎಂದರು. ನಾನು ಸುಮ್ಮನಿರಬಹುದಿತ್ತು. "ಉಪ್ಪು ಉರಿಯಲ್ಲ ಮಾವ" ಎಂದು ಶುರು ಮಾಡಿ, ಪರಮಾಣುವಿನ ನಡುವಿನ ಧನ ವಿದ್ಯುದಾವೇಶ, ಅದರ ಸೆಳೆತಕ್ಕೆ ಸಿಕ್ಕ ಋಣ ಆವೇಶದ ಎಲೆಕ್ಟ್ರಾನು, ಅದು ನಿಲ್ಲಬಹುದಾದ ಮೆಟ್ಟಿಲುಗಳು, ಶಾಖ ತಾಗಿದಾಗ ಮೇಲಕ್ಕೆ ಜಿಗಿದು ಮತ್ತೆ ಕೆಳಗೆ ಬರುವಾಗ ಹಳದಿ ಬೆಳಕು ಚೆಲ್ಲುವುದು, ಎಲ್ಲವನ್ನೂ ಮಗುವಿನ ಎದುರಿಗೇ ಒಪ್ಪಿಸಿದೆ. ಮಾವ ತಲೆಯಾಡಿಸಿದರು. ಮರುದಿನ ಬೆಳಿಗ್ಗೆ ಚೀಲ ಹಿಡಿದು ಭದ್ರಾವತಿಯ ಬಸ್ಸು ಹತ್ತಿದರು.

"ಅಜ್ಜ ಇಲ್ದಿದ್ರೆ ನಂಗೆ ಕೇಕ್ ಬೇಡ" ಎಂದು ಮಗಳು ಮುಖ ಊದಿಸಿಕೊಂಡಳು. ಹೆಂಡತಿ ನನ್ನತ್ತ ತಿರುಗಿದಳು. "ನೀವೇ ಹೋಗಿ ಅಪ್ಪನ್ನ ಕರ್ಕೊಂಡ್ ಬನ್ನಿ. ಅಲ್ಲಿ ಪಾಠ ಮಾಡ್ಬೇಡಿ" ಎಂದಳು ಅಷ್ಟೆ.

ಶನಿವಾರ ಹೋದೆ. ಬಾಗಿಲಲ್ಲೇ ಅತ್ತೆ, "ಎರಡು ದಿನದಿಂದ ಒಲೆ ಬಿಟ್ಟು ಕದಲ್ತಿಲ್ಲ. ಉಪ್ಪಿನ ಡಬ್ಬಿ ಖಾಲಿ ಮಾಡಿದಾರೆ" ಎಂದು ದೂರಿದರು. ಒಳಗೆ ಮಾವ ಉರಿಗೆ ಚಿಟಿಕೆ ಉಪ್ಪು ಉದುರಿಸಿ, ಬಗ್ಗಿ ನೋಡುತ್ತಿದ್ದರು. ನಾನು ಹತ್ತಿರ ಹೋದೆ.

"ಮಾವ, ಅವತ್ತು ನಾನು..."

"ನಂಗೇ ನಾಚಿಕೆ ಆಯ್ತು ಅಳಿಯಂದ್ರೇ. ಮಗುಗೆ ತಪ್ಪು ಹೇಳ್ಬಿಟ್ನಲ್ಲ ಅಂತ. ಸರಿಯಾಗಿ ತಿಳ್ಕೊಂಡೇ ವಾಪಸ್ ಬರೋಣ ಅಂತ ಇಲ್ಲಿಗೆ ಬಂದೆ. ಆ ಎಲೆಕ್ಟ್ರಾನು ಮೇಲೆ ಹತ್ತುವಾಗ ಬೆಳಕು ಕೊಡಲ್ಲ, ಇಳಿಯುವಾಗ ಕೊಡುತ್ತೆ. ಅಲ್ವಾ?"

"ಹೌದು ಮಾವ."

"ಹಾಗಾದ್ರೆ ನಾಳೆ ಪುಟ್ಟಿಗೆ ನಾನೇ ಹೇಳ್ತೀನಿ. ನೀವು ನಡುವೆ ಬಾಯಿ ಹಾಕ್ಬಾರ್ದು."

ಇಳಿಯುವಾಗಲೇ ಬೆಳಕು ಎಂಬ ವಾಕ್ಯವನ್ನು ಇಪ್ಪತ್ತೆಂಟು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಒಂದು ಮೆಟ್ಟಿಲು ಇಳಿದು ತೋರಿಸಿದವರು ಅವರು. ಬಸ್ಸಿನಲ್ಲಿ ಅವರ ಚೀಲವನ್ನು ನಾನೇ ತೊಡೆಯ ಮೇಲಿಟ್ಟುಕೊಂಡೆ.

ಭಾನುವಾರ ಒಲೆಯ ಮುಂದೆ ಅಜ್ಜನ ಪಾಠ ಸೊಗಸಾಗಿ ನಡೆಯಿತು. ಕೊನೆಯಲ್ಲಿ ಒಂದೇ ಒಂದು ಸಣ್ಣ ತಪ್ಪಾಯಿತು. ಹೆಂಡತಿ ನನ್ನತ್ತ ನೋಡಿದಳು. ನಾನು ಕೇಕಿನ ದೊಡ್ಡ ತುಂಡೊಂದನ್ನು ಬಾಯಿಗೆ ತುರುಕಿಕೊಂಡೆ. ಆ ತಪ್ಪು ಯಾವುದೆಂದು ನಿಮಗಾದರೂ ಹೇಳಿಬಿಡುವ ಆಸೆ ಮಾತ್ರ ಇನ್ನೂ ಗಂಟಲಿನಿಂದ ಕೆಳಗೆ ಇಳಿದಿಲ್ಲ.